"ಡಬ್ಬಿ ಬಂದದ್ರಿ ಸರ": ಒಂದು ಝೆರಾಕ್ಸ್ ಅಂಗಡಿಯ ಬಗ್ಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ, ಒಂದು ಒಳಗಲ್ಲಿಯಲ್ಲಿ ಈ ಅಂಗಡಿ ಇದೆ. ಬೋರ್ಡಿನ ಮೇಲಿನ ಹೆಸರು ಬಿಸಿಲಿಗೆ ಮಾಸಿಹೋಗಿದೆ. 'ಝೆರಾಕ್ಸ್, ಬೈಂಡಿಂಗ್' ಅನ್ನೋದು ಮಾತ್ರ ಓದೋಕೆ ಬರುತ್ತದೆ. ಎರಡು ಮಷಿನ್, ಒಂದು ಕೂಲರ್, ಒಬ್ಬ ಮಾಲೀಕ, ಒಬ್ಬ ಹುಡುಗ. ಪ್ರಾಜೆಕ್ಟ್ ಸೀಸನ್ನಿನಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಾಲ್ಕು ವರ್ಷದಿಂದ ಸುಮ್ನೆ ನನಗೋಸ್ಕರ ಒಂದು ನೋಟ್ಸ್ ಬರೆಯುತ್ತಿದ್ದೆ. 212 ಪುಟ ಆಯಿತು. ಮೂರು ಪ್ರತಿ ಬೇಕಿತ್ತು: ನನಗೊಂದು, ಬೆಂಗಳೂರಿನಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಗೊಂದು, ಇನ್ನೊಂದು ಯಾರಾದರೂ ಕೇಳಿದರೆ ಕೊಡೋಕೆ. (ಇನ್ನೂ ಯಾರೂ ಕೇಳಿಲ್ಲ.) ಮೇಲಿನ ಹಾಳೆಯಲ್ಲಿ 'ಕ್ವಾಂಟಮ್ ಕ್ಷೇತ್ರ: ಬುನಾದಿಯ ಹುಡುಕಾಟ' ಅಂತ ಹೆಸರಿಟ್ಟಿದ್ದೆ. ಮಾಲೀಕರು ಕನ್ನಡಕ ಏರಿಸಿ ಓದಿ, "ಯಾವ ಕ್ಷೇತ್ರರಿ ಇದು? ಗಾಣಗಾಪುರದ ಕಡೀದೇನು?" ಅಂದರು.

ಅಲ್ಲ, ಫೀಲ್ಡ್ ಅಂದೆ. ತೊಗರಿ ಹೊಲದಲ್ಲಿ ಒಂದೊಂದು ಜಾಗದಲ್ಲಿ ಒಂದೊಂದು ಹಸಿ ಇರುತ್ತದೆ ಅಲ್ವಾ, ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಬರೆದರೆ ಅದೇ ಒಂದು ಫೀಲ್ಡ್. ಅವರಿಗೆ ಇದು ತಕ್ಷಣ ಹತ್ತಿತು. ಅವರದೂ ಎರಡು ಎಕರೆ ಇದೆಯಂತೆ.

ಈಗ ಅಸಲಿ ವಿಷಯ. ಪ್ರಿಂಟ್ ಶುರುವಾಗಿ ಹತ್ತು ನಿಮಿಷಕ್ಕೆ ಹುಡುಗ ಮಷಿನ್ ನಿಲ್ಲಿಸಿದ. "ಸರ, ಡಬ್ಬಿ ಬಂದದ್ರಿ ಇಲ್ಲಿ." ನೋಡಿದರೆ 37ನೇ ಪುಟದಲ್ಲಿ ಇಂಟಿಗ್ರಲ್ ಚಿಹ್ನೆ ಇದೆ, ಅದರ ಪಕ್ಕ ಇರಬೇಕಾದ ಸುರುಳಿ ಅಕ್ಷರದ 'ಡಿ' ಇಲ್ಲ. ಅದರ ಜಾಗದಲ್ಲಿ ಖಾಲಿ ಚೌಕ. ಫಾಂಟ್ ಪಿಡಿಎಫ್ ಒಳಗೆ ಸೇರಿರಲಿಲ್ಲ, ತಪ್ಪು ನನ್ನದೇ. ಹಿಂದೆ ಬೇರೆ ಒಂದು ಅಂಗಡಿಯಲ್ಲಿ ಇದೇ ಆದಾಗ ಅಷ್ಟೂ ಪುಟ ಡಬ್ಬಿ ಸಮೇತ ಹೊಡೆದು, ಪೂರ್ತಿ ದುಡ್ಡು ತಗೊಂಡಿದ್ದರು. ಇಲ್ಲಿ ಹುಡುಗ ನಿಲ್ಲಿಸಿ ಕೇಳಿದ. ಇಷ್ಟಕ್ಕೇ ನಾನು ಈ ವಿಮರ್ಶೆ ಬರೆಯಲು ಕೂತದ್ದು.

ಆದರೆ ನನಗೆ ನಗು ತಡೆಯಲಿಲ್ಲ. ಯಾಕೆಂದರೆ ಆ ಜಾಗದಲ್ಲಿ ಡಬ್ಬಿ ಇರೋದೇ ಸರಿ! ಭೌತವಿಜ್ಞಾನಿ ಫೈನ್‌ಮನ್ ತೋರಿಸಿದ ದಾರಿಯಲ್ಲಿ ಲೆಕ್ಕ ಮಾಡುವಾಗ ಫೀಲ್ಡಿಗೆ ಸಾಧ್ಯವಿರುವ ಎಲ್ಲ ಆಕಾರಗಳನ್ನೂ ತಗೊಂಡು, ಒಂದೊಂದಕ್ಕೆ ಒಂದು ತೂಕ ಕೊಟ್ಟು, ಕೂಡಿಸಬೇಕು. ಆ 'ಡಿ' ಅಂದರೆ ಕೂಡಿಸೋಕೆ ಬೇಕಾದ ಅಳತೆಗೋಲು. ಉದ್ದಕ್ಕೆ, ವಿಸ್ತಾರಕ್ಕೆ, ಗಾತ್ರಕ್ಕೆ ನಮ್ಮ ಹತ್ತಿರ ಅಳತೆ ಇದೆ. ಫೀಲ್ಡಿನ ಆಕಾರಗಳು ಮಾತ್ರ ಅನಂತ ಆಯಾಮದಲ್ಲಿವೆ, ಒಂದೊಂದು ಬಿಂದುವಿನ ಸಂಖ್ಯೆಯೂ ಒಂದೊಂದು ಆಯಾಮ. ಅಲ್ಲಿ ಒಂದು ಚೀಲದೊಳಗೆ ಒಂದೇ ಅಳತೆಯ ಡಬ್ಬಿಗಳು ಒಂದಕ್ಕೊಂದು ತಾಗದಂತೆ ಲೆಕ್ಕವಿಲ್ಲದಷ್ಟು ಹಿಡಿಯುತ್ತವೆ. ಡಬ್ಬಿಯ ಅಳತೆ ಚೂರಾದರೂ ಇದ್ದರೆ ಚೀಲದ ಅಳತೆ ಅನಂತ. ಹಾಗಾಗಿ ಎಲ್ಲ ಕಡೆ ಸಮನಾಗಿ ಅಳೆಯುವ ಗೋಲು ಅಲ್ಲಿ ಇರೋಕೇ ಆಗೋದಿಲ್ಲ. ಪುಸ್ತಕಗಳಲ್ಲಿ 'ಡಿ' ಬರೆಯುತ್ತಾರೆ. ಅದಕ್ಕೆ ಅರ್ಥ ಇಲ್ಲ.

ಅರ್ಥವಿಲ್ಲದ್ದನ್ನು ಇಟ್ಟುಕೊಂಡು ಲೆಕ್ಕ ಮಾಡಿದರೆ ಉತ್ತರ ತಪ್ಪಬೇಕಲ್ವಾ? ತಪ್ಪೋದಿಲ್ಲ. ಎಲೆಕ್ಟ್ರಾನಿನ ಕಾಂತಗುಣದ ಲೆಕ್ಕ ಪ್ರಯೋಗದ ಜೊತೆ ಹತ್ತಕ್ಕೂ ಜಾಸ್ತಿ ಅಂಕಿಗಳವರೆಗೆ ಕೂಡುತ್ತದೆ. ಅದೂ ಎಂಥ ಲೆಕ್ಕ? ಒಂದರ ಹಿಂದೊಂದು ಪದ ಕೂಡಿಸುವ ಸರಣಿ. ಪೂರ್ತಿ ಕೂಡಿಸುತ್ತ ಹೋದರೆ ಆ ಸರಣಿ ಒಂದು ಕಡೆ ನಿಲ್ಲೋದೇ ಇಲ್ಲ ಅಂತ ಭೌತವಿಜ್ಞಾನಿ ಡೈಸನ್ 1952ರಲ್ಲೇ ವಾದಿಸಿದ್ದರು. ಮೊದಲ ಕೆಲವು ಪದಗಳಿಗೆ ನಿಲ್ಲಿಸಿದರೆ ಸರಿ ಉತ್ತರ. ನನ್ನ ಹುಡುಗರು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಸರಿ ಮಾಡೋಕೆ ಹೊರಟವರೂ ಇದ್ದಾರೆ. ವೈಟ್‌ಮನ್ 1950ರ ದಶಕದಲ್ಲಿ ಫೀಲ್ಡ್ ಅಂದರೆ ಏನೇನು ಷರತ್ತು ಪೂರೈಸಬೇಕು ಅಂತ ಬರೆದಿಟ್ಟರು. 1973ರಲ್ಲಿ ಓಸ್ಟರ್ವಾಲ್ಡರ್, ಶ್ರಾಡರ್ ಇನ್ನೊಂದು ದಾರಿ ತೋರಿಸಿದರು: ಕಾಲವನ್ನೂ ಜಾಗದ ಹಾಗೇ ಮಾಡಿಕೊಂಡು ಲೆಕ್ಕ ಮುಗಿಸಿ, ಕೆಲವು ಷರತ್ತು ಕೂಡಿಬಂದರೆ ನಿಜವಾದ ಕಾಲಕ್ಕೆ ವಾಪಸ್ ಬರಬಹುದು. ಗ್ಲಿಮ್, ಜಾಫಿ ಮತ್ತು ಜೊತೆಯವರು ಎರಡು, ಮೂರು ಆಯಾಮದ ಪುಟ್ಟ ಜಗತ್ತುಗಳಲ್ಲಿ ಫೀಲ್ಡನ್ನು ನಿಜಕ್ಕೂ ಕಟ್ಟಿ ತೋರಿಸಿದರು. ನಾವಿರುವುದು ನಾಲ್ಕರಲ್ಲಿ (ಜಾಗದ್ದು ಮೂರು, ಕಾಲದ್ದು ಒಂದು). ಅಲ್ಲಿ ಅತ್ಯಂತ ಸರಳ ಮಾದರಿಯನ್ನು ಬಿಂದುಗಳ ಜಾಲರಿಯಿಂದ ಶುರುಮಾಡಿ ಕಟ್ಟಿದರೆ ಕೊನೆಗೆ ಉಳಿಯುವ ಕಣಗಳು (ಅಂದರೆ ಫೀಲ್ಡಿನ ಅಲೆಗಳು) ಒಂದನ್ನೊಂದು ಮುಟ್ಟೋದೇ ಇಲ್ಲ ಅಂತ ಐಜೆನ್‌ಮನ್, ಡ್ಯುಮಿನಿಲ್-ಕೋಪ್ಯಾಂ ಅವರ 2021ರ ಸಾಧನೆ. ಆಸ್ತಿ ಪಾಲಾದ ಅಣ್ಣತಮ್ಮಂದಿರು ಓಣಿಯಲ್ಲಿ ಎದುರಾದ ಹಾಗೆ. ಪರಮಾಣುವಿನ ಬೀಜವನ್ನು ಹಿಡಿದಿಡುವ ಬಲದ ಹಿಂದಿರುವ ಯಾಂಗ್-ಮಿಲ್ಸ್ ಮಾದರಿ ಹಾಗಲ್ಲ ಅನ್ನೋ ಆಸೆ ಇದೆ. ಅದನ್ನು ನಾಲ್ಕು ಆಯಾಮದಲ್ಲಿ ಸರಿಯಾಗಿ ಕಟ್ಟಿ, ಅದರ ಅತಿ ಹಗುರ ಕಣಕ್ಕೂ ಸೊನ್ನೆಗಿಂತ ಜಾಸ್ತಿ ತೂಕ ಇದೆ ಅಂತ ತೋರಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಇಟ್ಟಿತು. ದುಡ್ಡು ಇನ್ನೂ ಅಲ್ಲೇ ಇದೆ.

ಇದನ್ನೆಲ್ಲ ಹುಡುಗನಿಗೆ ಹೇಳುತ್ತ ನಿಂತೆ. ಹಿಂದೆ ಆಧಾರ್ ಝೆರಾಕ್ಸಿಗೆ ನಾಲ್ಕು ಜನ ಕಾಯುತ್ತಿದ್ದರು. ಅವನು ಕೇಳಿದ್ದು ಒಂದೇ: "ಹಂಗಾದ್ರ ಡಬ್ಬಿ ಇರ್ಲೇನ್ರಿ?"

ಬೇಡ ಅಂದೆ. ಮನೆಗೆ ಹೋಗಿ ಫಾಂಟ್ ಸೇರಿಸಿ ಹೊಸ ಫೈಲ್ ತಂದೆ. ಹಾಳಾದ 37 ಪುಟಕ್ಕೆ ಅವರು ದುಡ್ಡು ತಗೊಳ್ಳಲಿಲ್ಲ.

ರೇಟು: ಎರಡೂ ಬದಿ ಪ್ರಿಂಟಿಗೆ ಹಾಳೆಗೆ 1.50, ಗಟ್ಟಿ ರಟ್ಟಿನ ಬೈಂಡಿಂಗಿಗೆ 120. ಮೂರು ಪ್ರತಿಗೆ 837 ಆಯಿತು, 830 ತಗೊಂಡರು. ಪ್ರಿಂಟ್ ಕಪ್ಪಗೆ, ಚೊಕ್ಕ. ಬೈಂಡಿಂಗ್ ಅಷ್ಟಕ್ಕಷ್ಟೇ. ನಾಳೆ ಅಂದದ್ದು ಮೂರು ದಿನ ಆಯಿತು. ಒಂದು ಪ್ರತಿಯಲ್ಲಿ ನಾಲ್ಕನೇ ಅಧ್ಯಾಯ ತಲೆಕೆಳಗಾಗಿತ್ತು. ಬಿಚ್ಚಿ ಮತ್ತೆ ಹೊಲಿದುಕೊಟ್ಟರು, ಗೊಣಗುತ್ತಲೇ. ಬೆನ್ನಿನ ಮೇಲೆ ಬಂಗಾರದ ಅಕ್ಷರ ಬೇಕೆಂದರೆ ಇಲ್ಲಿಗೆ ಬರಬೇಡಿ, ಅವರ ಹತ್ತಿರ ಕನ್ನಡದ ಅಚ್ಚು ಇಲ್ಲ. ನನ್ನದರ ಮೇಲೆ ಮಾರ್ಕರಿನಲ್ಲಿ ಬರೆದಿದ್ದಾರೆ.

ಐದಕ್ಕೆ ನಾಲ್ಕು ಸ್ಟಾರ್. ಬೇಸಿಗೆಯಲ್ಲಿ ಹೋಗೋದಾದರೆ ಬೆಳಿಗ್ಗೆ 11ರ ಒಳಗೆ ಹೋಗಿ, ಮಧ್ಯಾಹ್ನ ಶಟರ್ ಎಳೆದರೆ ನಾಲ್ಕರ ತನಕ ತೆಗೆಯೋದಿಲ್ಲ. ಡಬ್ಬಿ ಇದ್ದ ಆ 37ನೇ ಹಾಳೆಯನ್ನು ನಾನು ಕೇಳಿ ತಗೊಂಡೆ. ನನ್ನ ಪ್ರತಿಯಲ್ಲಿ ಸರಿಯಾದ ಪುಟದ ಎದುರಿಗೆ ಅದನ್ನೂ ಸೇರಿಸಿ ಹೊಲಿದಿದ್ದಾರೆ.