ಸಿಟಿ ಆಂಜಿಯೋನಾ, ನ್ಯೂಕ್ಲಿಯರ್ ಸ್ಟ್ರೆಸ್ ಟೆಸ್ಟಾ?

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ಒಳಗೆ ಟ್ಯೂಬ್ ತೂರಿಸದೆ ನೋಡುವ ಈ ಎರಡು ಪರೀಕ್ಷೆಗಳೂ ನನಗೆ ಆಗಿವೆ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತಿತ್ತು. ಟ್ರೆಡ್‌ಮಿಲ್ ಇಸಿಜಿಯಿಂದ ಹೌದು, ಅಲ್ಲ ಎರಡೂ ಹೇಳಲಾಗಲಿಲ್ಲ.

ಮೊದಲು ಮಾಡಿಸಿದ್ದು ನ್ಯೂಕ್ಲಿಯರ್. ಹಿಂದಿನ ದಿನದಿಂದಲೇ ಕಾಫಿ, ಟೀ ಬಂದ್. ಕೆಫೀನ್ ಇದ್ದರೆ, ಹೃದಯಕ್ಕೆ ಒತ್ತಡ ಕೊಡಲು ಬಳಸುವ ರಕ್ತನಾಳ ಹಿಗ್ಗಿಸುವ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ. ವಿಕಿರಣ ಸೂಸುವ ಟೆಕ್ನೀಷಿಯಂ ಸೇರಿದ ಇಂಜೆಕ್ಷನ್ ಕೊಟ್ಟು, ಕೈ ತಲೆಯ ಮೇಲಿಟ್ಟು ಮಲಗಿಸಿ, ಗಾಮಾ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ವಿಶ್ರಾಂತಿಯಲ್ಲಿ ಒಂದು ಸಲ, ಹೃದಯಕ್ಕೆ ಒತ್ತಡ ಕೊಟ್ಟು ಇನ್ನೊಂದು ಸಲ. ನಡುವೆ ಕಾಯುವುದೇ ಜಾಸ್ತಿ, ಅರ್ಧ ದಿನ ಹೋಗುತ್ತದೆ. ನನ್ನ ರಿಪೋರ್ಟ್ ನಾರ್ಮಲ್ ಬಂತು.

ಆದರೂ ಎದೆಬಿಗಿತ ಹೋಗಲಿಲ್ಲ. ಹಾಗಾಗಿ ಸಿಟಿ.

ಇಲ್ಲಿ ಎಲ್ಲ ನಿಂತಿರುವುದು ನಾಡಿಬಡಿತದ ಮೇಲೆ. ನಿಮಿಷಕ್ಕೆ 60ರ ಆಸುಪಾಸಿಗೆ ಇಳಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕೆ ಮೆಟೊಪ್ರೊಲಾಲ್ ಮಾತ್ರೆ ಕೊಟ್ಟರು. ರಕ್ತನಾಳ ಹಿಗ್ಗಲೆಂದು ನಾಲಿಗೆಯಡಿ ನೈಟ್ರೋಗ್ಲಿಸರಿನ್ ಸ್ಪ್ರೇ ಮಾಡಿದ ಮೇಲೆ ತಲೆ ಸ್ವಲ್ಪ ಸಿಡಿಯಿತು. ಅಯೋಡಿನ್ ಡೈ ಒಳಹೋದಾಗ ಗಂಟಲಿನಿಂದ ಹೊಟ್ಟೆಯ ಕೆಳಗಿನವರೆಗೆ ಬಿಸಿ ಹರಿದಂತಾಯಿತು, ಮೂತ್ರವೇ ಹೋಯಿತೇನೋ ಅನ್ನಿಸಿತು. ಉಸಿರು ಹಿಡಿದು ಬಿಡುವಷ್ಟರಲ್ಲಿ ಸ್ಕ್ಯಾನ್ ಮುಗಿದಿತ್ತು.

ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ನಾಳದಲ್ಲಿ ಸುಮಾರು 40% ಕಿರಿದಾದ ಜಾಗ ಸಿಕ್ಕಿತು. ಹಾಗಾದರೆ ಮೊದಲ ಟೆಸ್ಟ್ ಸುಳ್ಳಾ? ಅಲ್ಲ. ನ್ಯೂಕ್ಲಿಯರ್ ನೋಡುವುದು ಹೃದಯದ ಸ್ನಾಯುವಿಗೆ ರಕ್ತ ಸಾಕಾಗುತ್ತಿದೆಯಾ ಅಂತ. 40% ಕಿರಿದಾದರೆ ಹರಿವು ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ಸಿಟಿ ನಾಳದ ಗೋಡೆಯನ್ನೇ ತೋರಿಸುತ್ತದೆ. ಆದರೆ ಹೃದಯಾಘಾತ ಮಾಡುವುದು ದೊಡ್ಡ ಬ್ಲಾಕ್ ಮಾತ್ರ ಅಲ್ವಲ್ಲ, ಸಣ್ಣ ಕೊಬ್ಬಿನ ಗಡ್ಡೆ ಒಡೆದರೂ ಸಾಕು. ನನಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾಗಿದ್ದು ಸಿಟಿಯಿಂದಲೇ. ಸ್ಕಾಟ್‌ಲೆಂಡಿನ ಸ್ಕಾಟ್-ಹಾರ್ಟ್ ಅಧ್ಯಯನದ 2018ರ ವರದಿಯೂ ಸಿಟಿಯ ಪರವಾಗಿದೆ. 5 ವರ್ಷದಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಮಾಮೂಲಿ ತಪಾಸಣೆಯಷ್ಟೇ ಆದವರಲ್ಲಿ 3.9%, ಜೊತೆಗೆ ಸಿಟಿಯೂ ಆದವರಲ್ಲಿ 2.3%.

ಅದಕ್ಕೇ ಹಳೆಯ ಹೃದ್ರೋಗವಿಲ್ಲದೆ ಹೊಸದಾಗಿ ಎದೆನೋವು ಬಂದವರಿಗೆ ನನ್ನ ಓಟು ಸಿಟಿಗೆ. ವಿಕಿರಣವೂ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ನ್ಯೂಕ್ಲಿಯರ್‌ಗಿಂತ ಕಡಿಮೆ.

ಎಲ್ಲರಿಗೂ ಅಲ್ಲ. ನಾಳದಲ್ಲಿ ಕ್ಯಾಲ್ಸಿಯಂ ತುಂಬಾ ಇದ್ದರೆ ಸಿಟಿಯಲ್ಲಿ ಬ್ಲಾಕ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಣ್ಣ ಸ್ಟೆಂಟ್‌ನ ಒಳಭಾಗವೂ ಸರಿಯಾಗಿ ಕಾಣುವುದಿಲ್ಲ. ಕಿಡ್ನಿ ಸರಿಯಿಲ್ಲದವರು, ಡೈ ಅಲರ್ಜಿ ಇರುವವರು ಮೊದಲೇ ಹೇಳಬೇಕು. ಇಂಥವರಿಗೆ ನ್ಯೂಕ್ಲಿಯರ್ ಒಳ್ಳೆಯದಾಗಬಹುದು. ಆದರೆ ಹೃದಯದ ಮೂರೂ ಮುಖ್ಯ ನಾಳಗಳಲ್ಲಿ ಸಮನಾಗಿ ಬ್ಲಾಕ್ ಇದ್ದರೆ ಅದು ಕೆಲವೊಮ್ಮೆ ನ್ಯೂಕ್ಲಿಯರ್‌ನ ಕಣ್ಣು ತಪ್ಪಿಸಿಕೊಳ್ಳುತ್ತದೆ, ಹೋಲಿಸಿ ನೋಡಲು ಚೆನ್ನಾಗಿರುವ ಭಾಗವೇ ಇರುವುದಿಲ್ಲ.

ಸುಮ್ನೆ ಕೂತಾಗಲೂ ಎದೆನೋವು, ಬೆವರು ಬಂದರೆ ಯಾವ ಸ್ಕ್ಯಾನ್ ಅಂತ ಯೋಚಿಸುತ್ತ ಕೂರಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ.