69,000 ರೂಪಾಯಿ ಫೋನಿಗೆ ಬಿದ್ದ ಹಸಿರು ಬರೆ

ಯುಗಾದಿಗೆ ಅಮ್ಮ ತಿಪಟೂರಿನಿಂದ ಬಂದಿದ್ದರು. ಹಬ್ಬದ ಮಾರನೇ ದಿನ ಬೆಳಿಗ್ಗೆ ನನ್ನ ಫೋನ್ ಕೈಗೆ ತೆಗೆದುಕೊಂಡು, "ಇದಕ್ಕೇನೋ ದಾರ ಅಂಟ್ಕೊಂಡಿದೆ ನೋಡೋ" ಎಂದು ಸೆರಗಿನಿಂದ ಒರೆಸಿದರು. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದರು. ದಾರ ಅಲ್ಲ ಅದು. ಸ್ಕ್ರೀನಿನ ಬಲಗಡೆ, ಮೇಲಿನಿಂದ ಕೆಳಗಿನವರೆಗೆ, ಕೂದಲಿನಷ್ಟು ಸಣ್ಣ ಹಸಿರು ಗೆರೆ. ರಾತ್ರಿ ಫೋನ್ ಚಾರ್ಜಿಗೆ ಹಾಕುವಾಗ ಅಪ್‌ಡೇಟ್ ಬಂದಿದೆ ಎಂದು ತೋರಿಸಿತ್ತು. ಆಗಲಿ ಎಂದು ಒತ್ತಿ ಮಲಗಿದ್ದೆ, ಅಷ್ಟೇ. ಫೋನ್ ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಅದು 2024ರ ಏಪ್ರಿಲ್. ಫೋನಿಗೆ ಆಗ ಒಂದೂವರೆ ವರ್ಷ.

ಮೂರು ದಿನಕ್ಕೆ ಪಕ್ಕದಲ್ಲೇ ಇನ್ನೊಂದು ಗೆರೆ ಬಂತು, ಇದು ಗುಲಾಬಿ. ಆಫೀಸಿನಲ್ಲಿ ಒಬ್ಬ, "ನೀನು ಕೆಂಗೇರಿಯಿಂದ ಬರೋನು, ನಿಂಗೆ ಮೆಟ್ರೋದ ನೇರಳೆ ಲೈನ್ ಬರಬೇಕಿತ್ತಲ್ವಾ?" ಎಂದು ನಗಿಸಿದ. ನಕ್ಕೆ. ಆದರೆ ಹೊಟ್ಟೆ ಉರಿಯುತ್ತಿತ್ತು.

ಹಬ್ಬ ಹತ್ತಿರ ಬಂದರೆ ಸಾಕು, ಯಾರಾದರೂ ಕೇಳುತ್ತಾರೆ: "ಹದಿನೈದು ಸಾವಿರದ ಫೋನ್ ತಗೊಂಡು ಎರಡು ವರ್ಷಕ್ಕೆ ಬಿಸಾಕೋದಾ, ಇಲ್ಲ ಒಂದೇ ಸಲ ದೊಡ್ಡದು ತಗೊಂಡು ಐದು ವರ್ಷ ನೆಮ್ಮದಿಯಾಗಿರೋದಾ?" ನಾನೂ ಹೀಗೇ ಲೆಕ್ಕ ಹಾಕಿದ್ದೆ. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಹೇಳುತ್ತೇನೆ, ನೀವು ನಿಮ್ಮ ಲೆಕ್ಕ ಹಾಕಿಕೊಳ್ಳಿ. ಕಂಪನಿ ಹೆಸರು ಹೇಳುವುದಿಲ್ಲ. ಈ ಹಸಿರು ಗೆರೆ ಒಂದೇ ಕಂಪನಿಯ ಕಾಯಿಲೆ ಅಲ್ಲ.

2022ರ ದೀಪಾವಳಿಗೆ ಮನೆಗೆ ಎರಡು ಫೋನ್ ಬಂದವು. ನನಗೆ 69,000ದ್ದು, ಹೆಂಡತಿಗೆ 15,000ದ್ದು. ಅವಳೇ ಅಷ್ಟು ಸಾಕು ಎಂದಿದ್ದಳು. ನನ್ನದು ಹನ್ನೆರಡು ಕಂತಿನ 'ನೋ ಕಾಸ್ಟ್ ಇಎಂಐ', ತಿಂಗಳಿಗೆ 5,750. ಈ ನೋ ಕಾಸ್ಟ್ ಬಗ್ಗೆಯೂ ಒಂದು ಮಾತು. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನು ಅಂಗಡಿಯವರು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆಗೇ. ಪ್ರೊಸೆಸಿಂಗ್ ಫೀ ಬೇರೆ. ನನಗೆ ಎಲ್ಲ ಸೇರಿ ಹತ್ತಿರ ಹತ್ತಿರ 1,200 ಜಾಸ್ತಿ ಬಿತ್ತು. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ನಮಗೆ ಕೇಳಿಸಲಿಲ್ಲ, ಅಷ್ಟೇ.

ಕೊನೆಯ ಕಂತು ಕಟ್ಟಿದ್ದೂ ವಾರಂಟಿ ಮುಗಿದದ್ದೂ ಒಂದೇ ತಿಂಗಳು. ಆಗ ಅದು ಗಮನಕ್ಕೇ ಬರಲಿಲ್ಲ. ಫೋನ್ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮಗಳ ಸ್ಕೂಲ್ ಡೇಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಜೂಮ್ ಮಾಡಿದರೆ ಅವಳ ಮೂಗುತಿ ಕೂಡ ಕಾಣುತ್ತಿತ್ತು. ಪಕ್ಕದಲ್ಲಿ ಹೆಂಡತಿಯ ಫೋನಿನಲ್ಲಿ ಸ್ಟೇಜ್ ಮೇಲೆ ಬಣ್ಣದ ಚುಕ್ಕಿಗಳು ಓಡಾಡುತ್ತಿದ್ದವು.

ಗೆರೆ ಬಂದ ಮೇಲೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಟೋಕನ್ ತೆಗೆದುಕೊಂಡು ಒಂದು ಗಂಟೆ ಕಾದೆ. ಕೌಂಟರಿನ ಹುಡುಗಿ ಫೋನ್ ಮುಟ್ಟುವ ಮೊದಲೇ ಗೆರೆ ನೋಡಿ, "ಗ್ರೀನ್ ಲೈನಾ ಸರ್" ಎಂದಳು. ಬೆಳಿಗ್ಗೆಯಿಂದ ಎಷ್ಟು ನೋಡಿದ್ದಳೋ. ವಾರಂಟಿ ಇಲ್ಲ, ಡಿಸ್‌ಪ್ಲೇ ಪೂರ್ತಿ ಬದಲಿಸಬೇಕು, 19,800 ಆಗುತ್ತೆ ಎಂದಳು. "ಅಪ್‌ಡೇಟ್ ನೀವೇ ಕಳಿಸಿದ್ದು, ಅದಾದ ಮೇಲೇ ಬಂದಿದ್ದು" ಎಂದು ವಾದ ಮಾಡಿದೆ. "ಅಪ್‌ಡೇಟಿಂದ ಬರಲ್ಲ ಸರ್, ಇದು ಹಾರ್ಡ್‌ವೇರ್" ಎಂದಳು. ಹಾರ್ಡ್‌ವೇರ್ ಆದರೆ ಅದೂ ನಿಮ್ಮದೇ ಅಲ್ವಾ ತಾಯಿ ಎಂದು ಕೇಳಬೇಕಿತ್ತು. ಮನೆಗೆ ಬಂದ ಮೇಲೆ ಹೊಳೆಯಿತು.

ಅವಳು ಹೇಳಿದ್ದು ಅರ್ಧ ನಿಜ. ದುಬಾರಿ ಫೋನುಗಳಲ್ಲಿ ಇರುವುದು ಅಮೊಲೆಡ್ ಪರದೆ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಅದಕ್ಕೇ ಕಪ್ಪು ಅಂದರೆ ಕಪ್ಪು, ಬಣ್ಣ ಅಷ್ಟು ಚಂದ. ಆ ಚುಕ್ಕಿಗಳ ಒಂದೊಂದು ಸಾಲಿಗೂ ಸಿಗ್ನಲ್ ಕೊಡುವ ಸಣ್ಣ ಸಣ್ಣ ಜೋಡಣೆಗಳು ಪರದೆಯ ಅಂಚಿನಲ್ಲಿ ಇರುತ್ತವೆ. ಬಿಸಿಗೋ ಒತ್ತಡಕ್ಕೋ ಅದರಲ್ಲಿ ಒಂದು ಕೈಕೊಟ್ಟರೆ ಆ ಇಡೀ ಸಾಲು ಉರಿದುಕೊಂಡೇ ಇರುತ್ತದೆ. ದೊಡ್ಡ ಅಪ್‌ಡೇಟ್ ಕೂರುವಾಗ ಫೋನ್ ಚೆನ್ನಾಗಿ ಕಾಯುತ್ತದೆ, ಮೊದಲೇ ಸಡಿಲವಾಗಿದ್ದದ್ದು ಆಗ ಬಿಟ್ಟುಕೊಳ್ಳುತ್ತದೆ ಎಂದು ರಿಪೇರಿ ಮಾಡುವವರು ಹೇಳುತ್ತಾರೆ. ಹೆಂಡತಿಯ ಫೋನಿನಲ್ಲಿ ಇರುವುದು ಹಳೇ ಕಾಲದ ಎಲ್‌ಸಿಡಿ. ಹಿಂದಿನಿಂದ ಒಂದು ಬಿಳಿ ಬೆಳಕು, ಮುಂದೆ ಪರದೆ. ಬಣ್ಣ ಸಪ್ಪೆ. ಆದರೆ ಈ ಹಸಿರು ಗೆರೆಯ ಕಾಟ ಅದಕ್ಕಿಲ್ಲ.

ಇಲ್ಲಿಯವರೆಗೆ ನನ್ನ ಹಣೆಬರಹ. ಮುಂದಿನದು ನನ್ನದೇ ತಪ್ಪು. ದಯವಿಟ್ಟು ಈ ಭಾಗ ಓದಿ.

19,800 ಕೊಡಲು ಮನಸ್ಸಾಗಲಿಲ್ಲ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಅಂದರೆ ಎಸ್‌ಪಿ ರೋಡು. ಎಸ್‌ಪಿ ರೋಡಿಗೆ ಹೋದೆ. ಮೂರು ಅಡಿ ಅಗಲದ ಒಂದು ಅಂಗಡಿ, ಮೇಲೆ ಭೂತಗನ್ನಡಿ, ಕೆಳಗೆ ರಬ್ಬರ್ ಹಾಸಿನ ಮೇಲೆ ಹೊಟ್ಟೆ ಬಗೆಸಿಕೊಂಡ ನಾಲ್ಕು ಫೋನು.

"ಕಾಂಬೊ ಹಾಕ್ಕೊಡ್ತೀನಿ ಅಣ್ಣ, ಏಳೂವರೆ."

"ಒರಿಜಿನಲ್ಲಾ?"

"ಒರಿಜಿನಲ್ ಥರಾನೇ ಅಣ್ಣ."

ಆ 'ಥರಾನೇ' ನನ್ನ ಕಿವಿಗೆ ಬೀಳಲೇ ಇಲ್ಲ. ಕಾಂಬೊ ಅಂದರೆ ಡಿಸ್‌ಪ್ಲೇ, ಟಚ್ ಎರಡೂ ಸೇರಿದ್ದು. ಹೀಟರ್ ಮೇಲಿಟ್ಟು ಗೋಂದು ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಚೂರು ತೂರಿಸಿ ಹಳೇ ಪರದೆ ಎಬ್ಬಿಸಿದ. ಮುಕ್ಕಾಲು ಗಂಟೆ. ಹೊಸ ಪರದೆ ಹತ್ತಿತು, ಗೆರೆ ಇಲ್ಲ. 12,000 ಉಳಿಸಿದೆ ಎಂದು ಖುಷಿಯಲ್ಲಿ ಅಲ್ಲೇ ಒಂದು ಕಬ್ಬಿನಹಾಲು ಕುಡಿದೆ.

ಮೆಟ್ರೋದಲ್ಲಿ ಕೂತು ಹೆಬ್ಬೆಟ್ಟು ಇಟ್ಟೆ, ಫೋನ್ ತೆರೆಯಲಿಲ್ಲ. ಒರೆಸಿಕೊಂಡು ಇಟ್ಟೆ, ಊಹೂಂ. ಫೋನ್ ಮಾಡಿ ಕೇಳಿದರೆ, "ಈ ಡಿಸ್‌ಪ್ಲೇಗೆ ಫಿಂಗರ್‌ಪ್ರಿಂಟ್ ಬರಲ್ಲ ಅಣ್ಣ, ಪಿನ್ ಹಾಕ್ಕೊಳಿ" ಎಂದ. ಅವನು ಹಾಕಿದ್ದು ಎಲ್‌ಸಿಡಿ ಕಾಪಿ. ನನ್ನ ಫೋನಿನಲ್ಲಿ ಬೆರಳಿನ ಗುರುತು ಹಿಡಿಯುವ ಸೆನ್ಸರ್ ಪರದೆಯ ಕೆಳಗಿದೆ. ಅಮೊಲೆಡ್ ಆದರೆ ಅದರ ಮೂಲಕ ಬೆರಳು ಕಾಣುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ಬೆಳಕಿನ ಹಾಳೆ ಅಡ್ಡ ಬರುತ್ತದೆ. ರಾತ್ರಿ ದೀಪ ಆರಿಸಿ ನೋಡಿದರೆ ಕಪ್ಪು ಬಣ್ಣ ಕಪ್ಪಾಗಿಲ್ಲ, ಬೂದಿ ಬೂದಿ. ಬಿಸಿಲಲ್ಲಿ ಎಳನೀರಿನವನ ಮುಂದೆ ನಿಂತು ದುಡ್ಡು ಕಳಿಸಬೇಕಾದರೆ ಪರದೆ ಮೇಲೆ ಅಂಗೈ ಮರೆ ಮಾಡಿ ಇಣುಕಬೇಕು. ಒಂದು ಮೂಲೆ ಸ್ವಲ್ಪ ಎದ್ದುಕೊಂಡಿತ್ತು. ನೀರು ಒಳಗೆ ಹೋಗಲ್ಲ ಎಂದು ದುಡ್ಡು ಕೊಟ್ಟು ತಂದಿದ್ದ ಫೋನು, ಜೂನ್ ತಿಂಗಳ ಮೊದಲ ಮಳೆಗೇ ಸ್ಪೀಕರ್ ಗೊರ ಗೊರ ಎಂದಿತು.

ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆಮೇಲೆ ಗೊತ್ತಾಯಿತು, ಕೆಲವು ಕಂಪನಿಗಳು ಭಾರತದಲ್ಲಿ ಆಯ್ದ ಮಾಡೆಲ್‌ಗಳಿಗೆ ವಾರಂಟಿ ಮುಗಿದಿದ್ದರೂ ಈ ಗೆರೆಗೆ ಪರದೆಯನ್ನು ಬಿಟ್ಟಿಯಾಗಿ ಬದಲಿಸಿಕೊಡುತ್ತಿದ್ದವು. ನನ್ನ ಮಾಡೆಲ್ಲೂ ಅದರಲ್ಲಿತ್ತು. ಕೊಂಡು ಮೂರು ವರ್ಷದ ಒಳಗಿರಬೇಕು, ಬಿದ್ದ ಗುರುತು ಇರಬಾರದು, ಹೊರಗೆ ಬಿಚ್ಚಿಸಿರಬಾರದು ಎಂದು ಷರತ್ತು. ಅದೇ ಕೌಂಟರಿಗೆ ಓಡಿದೆ. ಒಳಗೆ ತೆಗೆದುಕೊಂಡು ಹೋಗಿ ಐದೇ ನಿಮಿಷಕ್ಕೆ ವಾಪಸ್ ತಂದರು. ಜಾಬ್ ಶೀಟಿನಲ್ಲಿ (ರಿಪೇರಿಗೆ ತಂದಾಗ ಸರ್ವಿಸ್ ಸೆಂಟರಿನವರು ಬರೆದುಕೊಡುವ ಚೀಟಿ) ಬರೆದಿದ್ದು ಇಷ್ಟೇ: ಕಂಪನಿಯದಲ್ಲದ ಬಿಡಿಭಾಗ ಹಾಕಲಾಗಿದೆ. ಗಾಯದ ಮೇಲೆ ಬರೆ ಎಂದರೆ ಇದೇ.

1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದೂರು ಕೊಡಲು ದುಡ್ಡಿಲ್ಲ. ದೂರು ದಾಖಲಾಯಿತು, ಕಂಪನಿಯಿಂದ ಉತ್ತರವೂ ಬಂತು. ಜಾಬ್ ಶೀಟಿನಲ್ಲಿದ್ದ ಅದೇ ಸಾಲು. ಬಿಚ್ಚಿಸದೇ ಇದ್ದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಫೀಸಿಲ್ಲ, ಲಾಯರ್ ಬೇಕೆಂದಿಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹೋದರೆ ಆಯಿತು. ನನ್ನ ಕೈಯಲ್ಲಿ ಸಾಕ್ಷಿಯೇ ಉಳಿದಿರಲಿಲ್ಲ. ಹಳೇ ಪರದೆಯನ್ನು ಎಸ್‌ಪಿ ರೋಡಿನಲ್ಲೇ ಬಿಟ್ಟು ಬಂದಿದ್ದೆ. ಆದ್ದರಿಂದ ಗೆರೆ ಬಂದ ದಿನವೇ ಹೊರಗೆ ಬಿಚ್ಚಿಸಬೇಡಿ. ಫೋಟೋ ತೆಗೆದುಕೊಳ್ಳಿ, ಡೇಟಾ ಬೇರೆ ಕಡೆ ಇಳಿಸಿಕೊಳ್ಳಿ (ಗೆರೆ ಹಬ್ಬಿ ಪರದೆ ಪೂರ್ತಿ ಬೆಳ್ಳಗಾಗುವುದೂ ಉಂಟು), ಸರ್ವಿಸ್ ಸೆಂಟರಿನಲ್ಲಿ ಜಾಬ್ ಶೀಟ್ ಬರೆಸಿ. ಆಮೇಲೆ ಕಾಯಿರಿ. ಕಾಯುವುದು ಕಷ್ಟ, ಗೊತ್ತು.

ಈಗ ಹೆಂಡತಿಯ ಫೋನಿನ ಕಥೆ. 2024ರ ಫೆಬ್ರವರಿಯಲ್ಲಿ ಅದು ಅಡುಗೆಮನೆ ಕಟ್ಟೆಯಿಂದ ಬಿದ್ದು ಪರದೆ ಜೇಡರ ಬಲೆ ಆಯಿತು. ಕಂಪನಿಯ ಸರ್ವಿಸ್ ಸೆಂಟರಿನಲ್ಲೇ, ಒರಿಜಿನಲ್ಲೇ, 2,300ಕ್ಕೆ ಹಾಕಿಸಿದೆವು. 2025ರ ದೀಪಾವಳಿಗೆ ಮೂರು ವರ್ಷ ತುಂಬಿದಾಗಲೂ ಓಡುತ್ತಿತ್ತು. ಒಟ್ಟು 17,300, ತಿಂಗಳಿಗೆ 480. ನನ್ನದು ಗೆರೆ ಬೀಳುವವರೆಗೆ ಹದಿನೆಂಟು ತಿಂಗಳು, ಇಎಂಐಗೆ ಜಾಸ್ತಿ ಬಿದ್ದ 1,200 ಸೇರಿಸಿ ತಿಂಗಳಿಗೆ 3,900. ಎಸ್‌ಪಿ ರೋಡಿನ ಏಳೂವರೆ ಸಾವಿರ ಇದರಲ್ಲಿ ಸೇರಿಲ್ಲ. ಅವಳು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿಲ್ಲ. "ರೀ, ನನ್ನ ಫೋನಲ್ಲಿ ದುಡ್ಡು ಕಳಿಸ್ಲಾ?" ಎಂದು ಎಳನೀರಿನವನ ಮುಂದೆ ಕೇಳುತ್ತಾಳೆ, ಅಷ್ಟು ಸಾಕು.

ಹಾಗಂತ ಕಡಿಮೆ ಬೆಲೆಯದೆಲ್ಲ ಚಿನ್ನ ಅಲ್ಲ. ಅಪ್ಪನಿಗೆ 7,000ಕ್ಕೆ ಒಂದು ತಂದಿದ್ದೆವು. ಡಬ್ಬದ ಮೇಲೆ '8 ಜಿಬಿ ರ್‍ಯಾಮ್' ಎಂದು ದೊಡ್ಡದಾಗಿ, ಕೆಳಗೆ ಇರುವೆ ಅಕ್ಷರದಲ್ಲಿ '4+4'. ರ್‍ಯಾಮ್ ಅಂದರೆ ಫೋನ್ ಕೆಲಸ ಮಾಡುವಾಗ ಬಳಸುವ ವೇಗದ ಮೆಮೊರಿ. ಎರಡನೇ 4 ರ್‍ಯಾಮ್ ಅಲ್ಲ, ಸ್ಟೋರೇಜಿನಿಂದ ಎರವಲು ತಂದದ್ದು. ನಿಜವಾದ ರ್‍ಯಾಮಿನ ವೇಗ ಅದಕ್ಕೆಲ್ಲಿಂದ ಬರಬೇಕು? ಗುಡ್ ಮಾರ್ನಿಂಗ್ ಫೋಟೋಗಳಿಗೇ ಜಾಗ ತುಂಬಿತು. ಕರೆ ಬಂದರೆ ಫೋನ್ ಎತ್ತುವ ಗುಂಡಿ ಬರುವಷ್ಟರಲ್ಲಿ ಆ ಕಡೆಯವರು ಇಟ್ಟಿರುತ್ತಾರೆ. ತೀರಾ ಕೆಳಗೆ ಹೋದರೂ ಕೈ ಸುಡುತ್ತದೆ.

ನನಗೆ ಸಿಟ್ಟು ಇರುವುದು ಬೆಲೆಯ ಮೇಲಲ್ಲ. 2023ರ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ 7 ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದರು. ಒಳ್ಳೆಯದೇ. ದುಬಾರಿ ಫೋನ್ ಕೊಳ್ಳಲು ಅದೊಂದು ಗಟ್ಟಿ ಕಾರಣ. ಆದರೆ ಆ ಅಪ್‌ಡೇಟನ್ನು ನಾವು ನೋಡಬೇಕಾದ್ದು ಪರದೆಯ ಮೇಲೇ ತಾನೆ? ಅದಕ್ಕೆ ಮಾಮೂಲಿ ವಾರಂಟಿ ಒಂದೇ ವರ್ಷ. ನಾನು ಐದು ವರ್ಷದ ಲೆಕ್ಕ ಹಾಕಿ ದುಡ್ಡು ಕೊಟ್ಟೆ, ಕಂಪನಿ ಒಂದು ವರ್ಷದ ಲೆಕ್ಕದಲ್ಲಿ ಕೈತೊಳೆದುಕೊಂಡಿತು. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಇದರ ಡಿಸ್‌ಪ್ಲೇ ಬದಲಿಸಲು ಎಷ್ಟು ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಫೋನಿನ ಬೆಲೆಯ ಕಾಲುಭಾಗಕ್ಕಿಂತ ಜಾಸ್ತಿ ಇದ್ದರೆ, ವಾರಂಟಿಯನ್ನು ಇನ್ನೊಂದು ವರ್ಷ ಮುಂದುವರಿಸಲು ಎಷ್ಟಾಗುತ್ತದೆ ಎಂದೂ ಕೇಳಿ. ಅದನ್ನೂ ಸೇರಿಸಿದ್ದೇ ನಿಜವಾದ ಬೆಲೆ.

ಮೊನ್ನೆ ಬಾಮೈದ 82,000ದ ಫೋನಿನ ಲಿಂಕ್ ಕಳಿಸಿ, "ಭಾವ, ತಗೊಳ್ಲಾ?" ಎಂದ. ಇಷ್ಟನ್ನೂ ಅವನಿಗೆ ಹೇಳಿದೆ. ಎಲ್ಲದಕ್ಕೂ ಹೂಂ ಎಂದ. ಸಂಜೆ ಫೋನ್ ಮಾಡಿ, "ತಗೊಂಡೆ ಭಾವ, ನೀವು ಹೇಳಿದ ಹಾಗೆ ಸ್ಕ್ರೀನ್ ಪ್ಲಾನೂ ಹಾಕಿಸಿದೆ, ಎರಡು ವರ್ಷ ಚಿಂತೆ ಇಲ್ಲ" ಎಂದ. ಬಿಲ್ಲಿನ ಫೋಟೋ ಕಳಿಸು ಎಂದೆ. ಕಳಿಸಿದ. ನೋಡಿದರೆ, ಅಂಗಡಿಯವರು ಹಾಕಿರುವುದು ಬಿದ್ದು ಒಡೆದರೆ ಮಾತ್ರ ನಡೆಯುವ ಪ್ಲಾನು. ತಾನಾಗೇ ಬರುವ ಗೆರೆಗೆ ಅದು ಬರುವುದಿಲ್ಲ. ಅದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಬೇರೆ ಇರುತ್ತದೆ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಬಿಲ್ ಹಿಡಿದುಕೊಂಡು ಹೋಗಿ ನಿಲ್ಲು ಎಂದು ಹೇಳಿದ್ದೇನೆ.