ಪೈಲಟ್‌ಗೆ ಕೆಲಸ ಮೈಮೇಲೆ ಬಿದ್ದಾಗ ಬದಲಾಗುವ ಪರದೆ: ಮೂರು ಬಗೆ, ಒಂದೇ ಪರೀಕ್ಷೆ

ಇಳಿಯುವ ಹೊತ್ತಿಗೆ ಒಂದು ಇಂಜಿನ್ ಕೈಕೊಟ್ಟಿದೆ, ರನ್‌ವೇ ಮಂಜಿನಲ್ಲಿ ಮುಚ್ಚಿಹೋಗಿದೆ, ರೇಡಿಯೋದಲ್ಲಿ ಕರೆಯ ಮೇಲೆ ಕರೆ. ಸಿಮ್ಯುಲೇಟರಿನಲ್ಲಿ ಈ ಸನ್ನಿವೇಶವನ್ನು ಮೂರು ಬಗೆಯ ಡಿಸ್‌ಪ್ಲೇಗಳಲ್ಲಿ, ಒಂದೊಂದರಲ್ಲೂ ಮೂರು ಸಲ ಹಾರಿಸಿ ನೋಡಿದೆ. ಕೆಲಸ ಹೆಚ್ಚಾದಾಗ ಪರದೆಯನ್ನು ಹಗುರ ಮಾಡುವುದೇ ಮೂರರ ಉದ್ದೇಶ. ಆದರೆ ಕೆಲಸ ಹೆಚ್ಚಾಗಿದೆ ಎಂದು ತೀರ್ಮಾನಿಸುವುದು ಒಂದರಲ್ಲಿ ನನ್ನ ಮೈ, ಇನ್ನೊಂದರಲ್ಲಿ ವಿಮಾನದ ಸ್ಥಿತಿ, ಮತ್ತೊಂದರಲ್ಲಿ ನನ್ನ ಬೆರಳು.

ಮೈಯನ್ನು ಓದುವ ಡಿಸ್‌ಪ್ಲೇ ಮೇಲೆ ನನಗೆ ಬಹಳ ಆಸೆಯಿತ್ತು. ಕಣ್ಣಿನ ಕಡೆ ಕ್ಯಾಮೆರಾ, ಎದೆಗೆ ಹೃದಯ ಬಡಿತದ ಪಟ್ಟಿ. ಯೋಚನೆಯ ಭಾರಕ್ಕೆ ಕಣ್ಣಿನ ಪಾಪೆ ಹಿಗ್ಗುವುದು ನಿಜ. ಆದರೆ ಅದೇ ಪಾಪೆ ಬೆಳಕಿಗೆ ಕುಗ್ಗುತ್ತದೆ. ಮಂಜಿನಿಂದ ಹೊರಬಿದ್ದು ರನ್‌ವೇ ದೀಪಗಳು ಕಣ್ಣಿಗೆ ಹೊಡೆದ ಕ್ಷಣ, ನಾನು ನಿರಾಳನಾದೆನೆಂದು ಭಾವಿಸಿ ಅಡಗಿಸಿಟ್ಟದ್ದನ್ನೆಲ್ಲ ಅದು ಮತ್ತೆ ತಂದು ಸುರಿಯಿತು. ಹೃದಯದ ಬಡಿತದ್ದು ತಡದ ಸಮಸ್ಯೆ. ಇಂಜಿನ್‌ನ ಕೆಲಸ ಮುಗಿಸಿ ಗೋ-ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ) ಮಾರ್ಗ ನೋಡಲು ತಲೆ ತಿರುಗಿಸಿದರೆ, ಆಗ ತಾನೇ ಎಚ್ಚೆತ್ತ ಪರದೆ ನಕ್ಷೆಯನ್ನು ತೆಗೆದುಬಿಟ್ಟಿತ್ತು. ನಾನು ಹುಡುಕಿದ್ದು ಕೆಲವೇ ಸೆಕೆಂಡು. ಆ ಎತ್ತರದಲ್ಲಿ ಅದು ಕಡಿಮೆಯೇನಲ್ಲ.

ವಿಮಾನದ ಸ್ಥಿತಿ ನೋಡಿ ಬದಲಾಗುವುದು ಹೊಸತೇನಲ್ಲ. ಏರ್‌ಬಸ್ ಎ320 ಮೇಲೇರುವಾಗ 80 ನಾಟ್‌ ವೇಗದಿಂದ 1,500 ಅಡಿ ಎತ್ತರದವರೆಗೆ ಬಹುಪಾಲು ಎಚ್ಚರಿಕೆಗಳನ್ನು ತಡೆದಿಡುತ್ತದೆ. ವಿಮಾನ 45 ಡಿಗ್ರಿಗಿಂತ ಹೆಚ್ಚು ವಾಲಿದರೆ ಮುಖ್ಯ ಪರದೆಯಲ್ಲಿ ತೀರಾ ಬೇಕಾದ್ದಷ್ಟೇ ಉಳಿಯುತ್ತದೆ. ಉಳಿದದ್ದು ಮರಳುವುದು ವಾಲು 40ಕ್ಕಿಂತ ಕೆಳಗೆ ಬಂದ ಮೇಲೆ. ನಡುವಿನ ಆ 5 ಡಿಗ್ರಿ ನನಗೆ ಅಚ್ಚುಮೆಚ್ಚು. ಅದಿಲ್ಲದಿದ್ದರೆ ಗಡಿಯಲ್ಲಿ ಪರದೆ ಮಿಣುಕುತ್ತಲೇ ಇರುತ್ತಿತ್ತು. ಪರೀಕ್ಷೆಯಲ್ಲೂ ಈ ಬಗೆಯದು ಪ್ರತಿ ಸಲ ಒಂದೇ ರೀತಿ ನಡೆದುಕೊಂಡಿತು. ಮೂರನೇ ಸುತ್ತಿಗೆ ಏನು ಮಾಯವಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಕಣ್ಣು ಅಲ್ಲಿಗೆ ಹೋಗಲೇ ಇಲ್ಲ.

ಇದಕ್ಕೂ ಕುರುಡು ಚುಕ್ಕೆಯಿದೆ. 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ, ಅಳತೆಗೆ ಸಿಕ್ಕ ವೇಗ 60 ನಾಟ್‌ಗಿಂತ ಇಳಿದಾಗ ರೆಕ್ಕೆಗೆ ಗಾಳಿ ಬಡಿಯುವ ಕೋನದ ಲೆಕ್ಕ ನಂಬುವಂಥದ್ದಲ್ಲವೆಂದು ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆ ನಿಂತಿತು. ಮೂಗು ತಗ್ಗಿಸಿದಾಗ, ಅಂದರೆ ಸರಿಯಾದದ್ದನ್ನು ಮಾಡಿದಾಗ, ಮತ್ತೆ ಕೂಗಿತು. ನಿಯಮ ಬರೆದವರು ಊಹಿಸದ ಸ್ಥಿತಿಯಲ್ಲಿ ಮೌನವೂ ತಪ್ಪು ಮಾತಾಡುತ್ತದೆ.

ಮೂರನೆಯದು, ನಾನೇ ಒತ್ತಿ ಪರದೆ ಹಗುರ ಮಾಡುವ ಗುಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಲ್ಲಿ ಎರಡು ಹಾರಾಟಗಳಲ್ಲಿ ಒತ್ತಲು ಮರೆತೆ.

ಪ್ರತಿ ಹಾರಾಟದ ನಂತರ ನಾಸಾ-ಟಿಎಲ್ಎಕ್ಸ್ ಪ್ರಶ್ನಾವಳಿ ತುಂಬಿದೆ. ಆರು ಅಂಶಗಳಲ್ಲಿ ಕೆಲಸದ ಹೊರೆ ಅಳೆಯಲು ಸಂಶೋಧಕರಾದ ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ವಿಧಾನ ಅದು. ಮೈ ಓದುವ ಡಿಸ್‌ಪ್ಲೇಗೆ ನಾನು ಹೆಚ್ಚು ಅಂಕ ಕೊಟ್ಟದ್ದು ಹತಾಶೆಯ ಕಾಲಂನಲ್ಲಿ.

ನನ್ನ ಆಯ್ಕೆ ವಿಮಾನದ ಸ್ಥಿತಿ ನೋಡುವುದು, ಜೊತೆಗೆ ಎಲ್ಲವನ್ನೂ ಒಂದೇ ಒತ್ತಿಗೆ ವಾಪಸು ತರುವ ಗುಂಡಿ. ಕ್ಯಾಮೆರಾ, ಎದೆಪಟ್ಟಿ ಇರಲಿ, ಆದರೆ ನಕ್ಷೆಯನ್ನು ಮುಟ್ಟಬಾರದು. ನಾನು ಮುಳುಗಿಹೋಗಿದ್ದೇನೆಂದು ಪಕ್ಕದ ಸೀಟಿನ ಪೈಲಟ್‌ಗೆ ಅವು ತಿಳಿಸಿದರೆ ಸಾಕು.